ನಮ್ಮದಲ್ಲದ ಮೊಲಕ್ಕೆ ನೆರವಾಗುವುದು ಹೇಗೆ? ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಪಕ್ಕದ ಮನೆಯ ತಾರಸಿಯಲ್ಲಿ ತಂತಿ ಪಂಜರದೊಳಗೆ ಒಂದು ಮೊಲವಿದೆ. ಮಕ್ಕಳಿಗೆಂದು ತಂದದ್ದು, ಈಗ ಯಾರೂ ಅತ್ತ ತಲೆ ಹಾಕುವುದಿಲ್ಲ. ಮಧ್ಯಾಹ್ನವಿಡೀ ಬಿಸಿಲು, ನೀರಿನ ಬಾಟಲಿಯಲ್ಲಿ ಪಾಚಿ. ನಮ್ಮ ಕಡೆಯಿಂದ ಕೈ ಚಾಚಿದರೆ ಪಂಜರ ಎಟುಕುತ್ತದೆ. ಅವರಿಗೆ ಹೇಳದೆ ದಿನಾ ಒಂದು ಕ್ಯಾರೆಟ್ ಹಾಕುತ್ತಿದ್ದೇನೆ. ಒಂದು ದಿನ ಎತ್ತಿಕೊಂಡು ಬಂದುಬಿಡೋಣ ಅನ್ನಿಸುತ್ತದೆ. ತಪ್ಪೇ?

ಉತ್ತರ: ಎತ್ತಿಕೊಂಡು ಬರಬೇಡಿ. ಅದು ಕಳವು ಎನಿಸಿಕೊಳ್ಳುತ್ತದೆ. ಮೊಲ ಮತ್ತೆ ಅದೇ ಪಂಜರಕ್ಕೆ ಹೋಗುತ್ತದೆ, ನಿಮಗೆ ಆ ಮನೆಯ ಬಾಗಿಲು ಮುಚ್ಚುತ್ತದೆ.

ಕ್ಯಾರೆಟ್ಟನ್ನೂ ಇಂದೇ ನಿಲ್ಲಿಸಿ. ಅದರಲ್ಲಿ ಸಕ್ಕರೆ ಹೆಚ್ಚು. ಮೊಲದ ಸಣ್ಣ ಕರುಳು ಮುಗಿದು ದೊಡ್ಡ ಕರುಳು ಶುರುವಾಗುವಲ್ಲಿರುವ ದೊಡ್ಡ ಚೀಲದಲ್ಲಿ ನಾರನ್ನು ಹುದುಗಿಸುವ ಸೂಕ್ಷ್ಮಜೀವಿಗಳಿವೆ, ಸಕ್ಕರೆ ಮತ್ತು ಪಿಷ್ಟ ಹೆಚ್ಚಾದರೆ ಅವುಗಳ ಸಮತೋಲ ಕೆಡುತ್ತದೆ. ಹಿಕ್ಕೆ ಮೆತ್ತಗಾಗಿ ಹಿಂಭಾಗಕ್ಕೆ ಅಂಟುತ್ತದೆ. ತೊಳೆಯುವವರಿಲ್ಲದ ಪಂಜರದಲ್ಲಿ ಅದು ನೊಣಗಳಿಗೆ ಆಹ್ವಾನ. ಗುಟ್ಟಾಗಿ ತಿನ್ನಿಸುವುದರಲ್ಲಿ ಇನ್ನೊಂದು ತೊಡಕೂ ಇದೆ: ತಾವು ಏನೂ ಮಾಡದಿದ್ದರೂ ಮೊಲ ಚೆನ್ನಾಗಿಯೇ ಇದೆಯಲ್ಲ ಎಂದು ಸಾಕಿದವರಿಗೆ ಅನ್ನಿಸತೊಡಗುತ್ತದೆ.

ಮೊದಲು ಮಾಡಬೇಕಾದ್ದು ನೆರಳು. ಮೊಲ ಬೆವರುವುದಿಲ್ಲ, ಮೈಯ ಬಿಸಿಯನ್ನು ಮುಖ್ಯವಾಗಿ ಕಿವಿಗಳಿಂದ ಹೊರಹಾಕುತ್ತದೆ. ಸುತ್ತಲಿನ ಉಷ್ಣತೆ 28 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕಷ್ಟಪಡತೊಡಗುತ್ತದೆ, ನೇರ ಬಿಸಿಲಿನಲ್ಲಿದ್ದರೆ ಅದಕ್ಕೂ ಮೊದಲೇ. "ನಿಮ್ಮ ಮೊಲ ಬಿಸಿಲಿಗೆ ಏದುಸಿರು ಬಿಡ್ತಾ ಇತ್ತು, ಪಂಜರ ಆ ಗೋಡೆಯ ಕಡೆ ಸರಿಸೋಣವಾ?" ಇಷ್ಟೇ ಕೇಳಿ. ಆರೋಪ ಬೇಡ, ಉಪದೇಶವಂತೂ ಬೇಡವೇ ಬೇಡ. ಬೇಡ ಎನ್ನಲು ಕಾರಣವೇ ಇಲ್ಲದ ಸಣ್ಣ ಕೆಲಸದಿಂದ ಶುರುಮಾಡಿದರೆ ಮುಂದಿನದಕ್ಕೆ ದಾರಿ ತಾನಾಗಿ ಸಿಗುತ್ತದೆ. ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ, ಬಟ್ಟೆ ಸುತ್ತಿ ಪಂಜರದ ಒಂದು ಮೂಲೆಯಲ್ಲಿಡಬಹುದು. ಮೊಲಕ್ಕೆ ಬೇಕೆನಿಸಿದಾಗ ಒರಗಿಕೊಳ್ಳುತ್ತದೆ, ಸಾಕೆನಿಸಿದರೆ ದೂರ ಸರಿಯುತ್ತದೆ.

ಎರಡನೆಯದು ನೀರು. ಮೊಲಕ್ಕೆ ದಿನಕ್ಕೆ ಕಿಲೋ ತೂಕಕ್ಕೆ 50ರಿಂದ 150 ಮಿಲಿಲೀಟರ್ ನೀರು ಬೇಕು. ಬಾಟಲಿಯ ತುದಿಯ ಉಕ್ಕಿನ ಗುಂಡು ಪಾಚಿಗೋ ಸುಣ್ಣಕ್ಕೋ ಕಚ್ಚಿಕೊಂಡಿರುತ್ತದೆ. ಬಾಟಲಿ ತುಂಬಿದೆ ಎಂದು ಎಲ್ಲರೂ ನೆಮ್ಮದಿಯಿಂದಿರುತ್ತಾರೆ, ಒಳಗಿನ ಮೊಲ ಬಾಯಾರಿಯೇ ಇರುತ್ತದೆ. ಬೆರಳಿನಿಂದ ಗುಂಡನ್ನು ಒತ್ತಿ, ಹನಿ ಬರುತ್ತದೆಯೇ ನೋಡಿ. ಮಗುಚಲಾರದಷ್ಟು ಭಾರದ ಪಿಂಗಾಣಿ ಬಟ್ಟಲು ಬಾಟಲಿಗಿಂತ ಒಳ್ಳೆಯದು. ಆದರೂ ಮೊಲ ಬಟ್ಟಲಿನಿಂದ ಕುಡಿಯುವುದನ್ನು ಕಣ್ಣಾರೆ ಕಾಣುವವರೆಗೆ ಬಾಟಲಿಯನ್ನು ತೆಗೆಯಬೇಡಿ.

ಮೂರನೆಯದು ನೆಲ. ನಾಯಿ, ಬೆಕ್ಕುಗಳ ಹಾಗೆ ಮೊಲದ ಅಂಗಾಲಿಗೆ ದಪ್ಪ ಮೆತ್ತೆಯಿಲ್ಲ, ಬರೀ ಕೂದಲು. ತಂತಿಯ ಮೇಲೆ ಕೂತೂ ಕೂತೂ ಹಿಂಗಾಲಿನ ಹಿಮ್ಮಡಿಯ ಕೂದಲು ಉದುರುತ್ತದೆ, ಚರ್ಮ ಕೆಂಪಾಗುತ್ತದೆ, ಹುಣ್ಣಾಗುತ್ತದೆ. ಸೋಂಕು ಮೂಳೆಗೆ ಇಳಿದರೆ ವಾಸಿಯಾಗುವುದು ಬಲು ಕಷ್ಟ. ಪಂಜರದ ಮುಕ್ಕಾಲು ಭಾಗ ಮುಚ್ಚುವಷ್ಟು ದೊಡ್ಡ, ಬಣ್ಣ ಬಳಿಯದ ಹಲಗೆ ಹಾಕಿ. ಅದರ ಮೇಲೆ ಒಣಹುಲ್ಲು ಹರಡಿ, ಒದ್ದೆಯಾದದ್ದನ್ನು ದಿನಾ ತೆಗೆಯಿರಿ.

ಪ್ರಶ್ನೆ: ಪರಿಚಿತರ ಮೊಲಕ್ಕೆ ಮೇವು ಹಾಕಲು ಅವರು ಒಪ್ಪಿದ್ದಾರೆ. ಇದುವರೆಗೆ ಬ್ರೆಡ್ಡು, ಕಾಳು, ಪೆಲೆಟ್ (ಒತ್ತಿ ಮಾಡಿದ ಮೇವಿನ ಗುಳಿಗೆ) ಬಿಟ್ಟು ಬೇರೇನೂ ಕೊಟ್ಟಿಲ್ಲವಂತೆ. ಬೆನ್ನು ಸವರಿದರೆ ಮೂಳೆ ಚುಚ್ಚುತ್ತದೆ. ಬೇಗ ಮೈತುಂಬಲು ಏನು ಕೊಡಲಿ?

ಉತ್ತರ: ಅಪಾಯ ಇರುವುದೇ ಆ "ಬೇಗ"ದಲ್ಲಿ. ತೀರಾ ಸೊರಗಿದ ಮೊಲಕ್ಕೆ ಒಮ್ಮೆಲೇ ಕಾಳು, ಬೆಲ್ಲ, ಹಣ್ಣು ಕೊಟ್ಟರೆ ಹೊಟ್ಟೆ ಉಬ್ಬರಿಸಿ, ಕರುಳಿನ ಚಲನೆ ನಿಲ್ಲಬಹುದು. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ, ಒಳಗೆ ಹೋದದ್ದು ಮುಂದಕ್ಕೇ ಸಾಗಬೇಕು.

ಅದರ ಊಟದಲ್ಲಿ ಶೇ. 80ಕ್ಕಿಂತ ಹೆಚ್ಚು ಹುಲ್ಲೇ ಇರಬೇಕು. ದಿನಕ್ಕೆ ಮೊಲದ ಗಾತ್ರದಷ್ಟು ಒಣಹುಲ್ಲಿನ ರಾಶಿ ಎಂದು ಅಂದಾಜಿಟ್ಟುಕೊಳ್ಳಿ. ಮುಗಿಯದಂತೆ ನೋಡಿಕೊಳ್ಳಿ. ಹಸಿರು ಛಾಯೆ ಉಳಿದಿರುವ, ಮೂಗಿನ ಹತ್ತಿರ ಹಿಡಿದರೆ ಘಮ ಬರುವ ಹುಲ್ಲು ಬೇಕು. ಕಾಳು ಬಡಿದ ಮೇಲೆ ಉಳಿಯುವ ಹಳದಿ ಒಣಕಡ್ಡಿ ಹಾಸಲು ಸರಿ, ಊಟಕ್ಕೆ ಸಾಲದು. ಮುಗ್ಗಲು ವಾಸನೆ ಬಂದರೆ ಎಸೆಯಿರಿ. ಕೈಯಲ್ಲಿ ಕೊಯ್ದ ಹಸಿಹುಲ್ಲು ಒಳ್ಳೆಯದು, ಹುಲ್ಲು ಕತ್ತರಿಸುವ ಯಂತ್ರದಿಂದ ಬಂದ ಪುಡಿ ಬೇಡ. ಜಜ್ಜಿ ರಾಶಿಯಾದ ಹುಲ್ಲು ಬಹುಬೇಗ ಬಿಸಿಯೇರಿ ಹುದುಗುತ್ತದೆ.

ಬ್ರೆಡ್ಡು, ಕಾಳುಗಳನ್ನು ಏಳರಿಂದ ಹದಿನಾಲ್ಕು ದಿನಗಳಲ್ಲಿ ದಿನಕ್ಕಿಷ್ಟು ಎಂದು ಇಳಿಸುತ್ತಾ ಬಂದು ನಿಲ್ಲಿಸಿ. ಕೊನೆಗೆ ಉಳಿಯಬೇಕಾದ್ದು ಕಿಲೋ ತೂಕಕ್ಕೆ ಸುಮಾರು 25 ಗ್ರಾಂ ಪೆಲೆಟ್ ಮಾತ್ರ. ಸೊಪ್ಪನ್ನು ಮೊದಲ ವಾರ ಮುಟ್ಟಬೇಡಿ. ಆಮೇಲೆ ಒಂದು ಸಲಕ್ಕೆ ಒಂದೇ ಬಗೆ, ಎರಡು ಎಲೆ. ಮರುದಿನ ಹಿಕ್ಕೆ ಗಟ್ಟಿಯಾಗಿದ್ದರೆ ಮುಂದುವರಿಸಿ. ಈರುಳ್ಳಿ, ಬೆಳ್ಳುಳ್ಳಿ, ಅವಕಾಡೊ, ಟೊಮೆಟೊ ಮತ್ತು ಆಲೂಗಡ್ಡೆ ಗಿಡದ ಎಲೆ, ಕಣಗಿಲೆ ಇವು ಹತ್ತಿರವೂ ಸುಳಿಯಬಾರದು.

ಹುಲ್ಲನ್ನೇ ಕಾಣದೆ ಬೆಳೆದ ಮೊಲಕ್ಕೆ ಅದು ತಿನ್ನುವ ವಸ್ತುವೆಂದೇ ಗೊತ್ತಿರುವುದಿಲ್ಲ. ಮೊಲಕ್ಕೆ ಹಿಕ್ಕೆ ಹಾಕುತ್ತಲೇ ಮೇಯುವ ಅಭ್ಯಾಸ. ಅದು ಯಾವ ಮೂಲೆಯಲ್ಲಿ ಹಿಕ್ಕೆ ಹಾಕುತ್ತದೋ ಅಲ್ಲೇ ಹುಲ್ಲಿಡಿ, ನಡುವೆ ನಾಲ್ಕು ಪೆಲೆಟ್ ಉದುರಿಸಿ. ಹಸಿದರೆ ತಾನೇ ತಿನ್ನುತ್ತದೆ ಎಂದು ಉಳಿದದ್ದೆಲ್ಲ ನಿಲ್ಲಿಸುವ ಹಟ ಮಾತ್ರ ಬೇಡ. ಊಟವಿಲ್ಲದ ಮೊಲದ ಯಕೃತ್ತಿನಲ್ಲಿ ಕೊಬ್ಬು ತುಂಬಿ ಅದೇ ಪ್ರಾಣಕ್ಕೆ ಮುಳುವಾಗಬಹುದು.

ವಾರಕ್ಕೆ ಎರಡು ಸಲ, ಒಂದೇ ಹೊತ್ತಿನಲ್ಲಿ, ಡಬ್ಬಿಯಲ್ಲಿ ಕೂರಿಸಿ ತೂಗಿ ಬರೆದಿಡಿ. ಕಣ್ಣಂದಾಜು ನಂಬಬೇಡಿ, ತುಪ್ಪುಳ ಎಲ್ಲವನ್ನೂ ಮುಚ್ಚುತ್ತದೆ. ಮೇವಿನ ಹತ್ತಿರ ಆಸೆಯಿಂದ ಬಂದು, ಬಾಯಿಗೆ ತೆಗೆದುಕೊಂಡು, ಉದುರಿಸಿ ಹಿಂದೆ ಸರಿದರೆ ಅಥವಾ ಗಲ್ಲ ಒದ್ದೆಯಾಗಿದ್ದರೆ ತೊಂದರೆ ಮೇವಿನದಲ್ಲ, ಹಲ್ಲಿನದು. ಮೊಲದ ಹಲ್ಲು ಜೀವನಪೂರ್ತಿ ಬೆಳೆಯುತ್ತದೆ, ಬಾಚಿಹಲ್ಲು ವಾರಕ್ಕೆ 2-3 ಮಿಲಿಮೀಟರ್ ಬೆಳೆಯುವುದುಂಟು. ಹುಲ್ಲು ಅಗಿಯದಿದ್ದರೆ ದವಡೆಹಲ್ಲುಗಳು ಸವೆಯದೆ ಮೊನೆಯೆದ್ದು ನಾಲಿಗೆ, ಕೆನ್ನೆಗಳನ್ನು ಕೊಯ್ಯುತ್ತವೆ. ಅದು ಹೊರಗಿನಿಂದ ಕಾಣುವುದಿಲ್ಲ, ಪಶುವೈದ್ಯರೇ ನೋಡಬೇಕು.

ಇನ್ನು, ಮೊಲ ತನ್ನ ಹಿಂಭಾಗಕ್ಕೆ ಬಾಯಿಟ್ಟು ಮೆತ್ತನೆಯ, ಗೊಂಚಲಾದ ಹಿಕ್ಕೆ ತಿನ್ನುವುದನ್ನು ಕಂಡು ಹಸಿವಿನ ಲಕ್ಷಣವೆಂದುಕೊಳ್ಳಬೇಡಿ. ವಿಟಮಿನ್ ತುಂಬಿದ ಆ ಹಿಕ್ಕೆಯನ್ನು ಅದು ತಿನ್ನಲೇಬೇಕು. ತಿನ್ನದೆ ಬಿಟ್ಟರೆ ಯೋಚಿಸಬೇಕಾದ ಸಂಗತಿ.

ಪ್ರಶ್ನೆ: ಉಗುರು ಸುರುಳಿ ಸುತ್ತಿದೆ, ಕೂದಲು ಗಂಟುಗಟ್ಟಿದೆ, ಹಿಂಭಾಗ ಹೊಲಸಾಗಿದೆ. ಸ್ನಾನ ಮಾಡಿಸಬಹುದೇ?

ಉತ್ತರ: ಇಡೀ ಮೈಗೆ ಸ್ನಾನ ಬೇಡ. ದಟ್ಟ ಕೂದಲು ಬೇಗ ಒಣಗುವುದಿಲ್ಲ, ಮೈ ತಣ್ಣಗಾಗುತ್ತದೆ, ಗಾಬರಿಯಿಂದಲೇ ಸತ್ತ ಮೊಲಗಳೂ ಇವೆ. ಹಿಂಭಾಗ ಮಾತ್ರ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ನೆನೆಸಿ, ಬಿಡಿಸಿ, ಪೂರ್ತಿ ಒರೆಸಿ. ಅದಕ್ಕೂ ಮೊದಲು ಕೂದಲು ಬಗೆದು ನೊಣದ ಮೊಟ್ಟೆ, ಹುಳ ಇವೆಯೇ ನೋಡಿ. ಅಕ್ಕಿನುಚ್ಚಿನಂಥ ಬಿಳಿ ಮೊಟ್ಟೆಗಳು ಒಂದೇ ದಿನದೊಳಗೆ ಒಡೆದು ಹುಳಗಳು ಮಾಂಸ ಕೊರೆಯತೊಡಗುತ್ತವೆ. ಒಂದೇ ಹುಳ ಕಂಡರೂ ನೀರು ಹಾಕಬೇಡಿ, ಎದುರಿಗೆ ಕಂಡದ್ದನ್ನು ಚಿಮಟದಿಂದ ತೆಗೆಯುತ್ತಲೇ ಆಸ್ಪತ್ರೆಗೆ ಹೊರಡಿ. ಸಂಜೆಯವರೆಗೆ ಕಾಯುವ ಮಾತಲ್ಲ.

ಗಂಟನ್ನು ಕತ್ತರಿಯಿಂದ ಕತ್ತರಿಸುವುದು ಅಪಾಯ. ಮೊಲದ ಚರ್ಮ ಕಾಗದದಷ್ಟು ತೆಳು, ಎಳೆದ ಗಂಟಿನ ಜೊತೆ ಅದೂ ಮೇಲೆದ್ದು ಬರುತ್ತದೆ. ಬೆರಳಿನಿಂದ ಸ್ವಲ್ಪ ಸ್ವಲ್ಪವೇ ಬಿಡಿಸಿ, ಬರದಿದ್ದರೆ ವೈದ್ಯರಿಗೆ ಬಿಡಿ. ಉಗುರಿಗೆ ಟಾರ್ಚ್ ಹಿಡಿದರೆ ಒಳಗಿನ ರಕ್ತನಾಳ ಕಾಣುತ್ತದೆ, ಅದಕ್ಕಿಂತ 2-3 ಮಿಲಿಮೀಟರ್ ಮುಂದೆ ಕತ್ತರಿಸಿ. ಬಹಳ ದಿನ ಬಿಟ್ಟ ಉಗುರಿನಲ್ಲಿ ನಾಳವೂ ಉದ್ದ ಬೆಳೆದಿರುತ್ತದೆ. ಒಂದೇ ಸಲ ಗಿಡ್ಡ ಮಾಡಲು ಹೋಗದೆ ಎರಡು-ಮೂರು ವಾರಕ್ಕೊಮ್ಮೆ ತುದಿ ತೆಗೆಯಿರಿ. ಹಲ್ಲನ್ನು ಮಾತ್ರ ಉಗುರು ಕತ್ತರಿಯಿಂದ ಮುಟ್ಟಬೇಡಿ, ಬೇರಿನವರೆಗೆ ಸೀಳುತ್ತದೆ.

ಕಿವಿ ಹಿಡಿದು ಎತ್ತುವುದು ಬೇಡ ಎಂದು ಈಗ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಬೆನ್ನಿನ ವಿಷಯ. ಹಿಂಗಾಲಿನ ಬಲ ಎಷ್ಟೆಂದರೆ ಗಾಳಿಯಲ್ಲಿ ಒದ್ದಾಡಿದ ಮೊಲದ ಬೆನ್ನುಮೂಳೆ ಸೊಂಟದ ಬಳಿ ಮುರಿಯಬಹುದು. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಪೃಷ್ಠದ ಕೆಳಗಿಟ್ಟು ನಿಮ್ಮ ಮೈಗೆ ಒತ್ತಿ ಹಿಡಿಯಿರಿ. ನೆಲದಲ್ಲಿ ಕೂತೇ ಮಾಡಿದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಪಂಜರದ ಕೆಳಗಿನ ತಟ್ಟೆಯಲ್ಲಿ ಕೆಂಪು ಮೂತ್ರ ಕಂಡೆ. ರಕ್ತವೇ?

ಉತ್ತರ: ಇರಲಾರದು. ತಿಂದ ಸೊಪ್ಪಿನ ಬಣ್ಣದಿಂದ ಮೊಲದ ಮೂತ್ರ ಕಿತ್ತಳೆ, ಕೆಂಗಂದು ಆಗುವುದು ಸಾಮಾನ್ಯ. ಸುಣ್ಣದಂಶದಿಂದ ತುಸು ಬೆಳ್ಳಗೆ ಕಾಣುವುದೂ ಸಹಜ. ತಟ್ಟೆಯಲ್ಲಿ ಎಲ್ಲೆಡೆ ಒಂದೇ ಬಣ್ಣವಿದ್ದರೆ ಚಿಂತೆಯಿಲ್ಲ. ಹಳದಿ ಮೂತ್ರದ ನಡುವೆ ಪ್ರತ್ಯೇಕ ಕೆಂಪು ಚುಕ್ಕೆ, ಗೆರೆ ಕಂಡರೆ, ತಿಣುಕುತ್ತಾ ಹನಿಹನಿ ಮಾಡಿದರೆ, ಹೆಣ್ಣಾಗಿದ್ದು ಮೂರು-ನಾಲ್ಕು ವರ್ಷ ದಾಟಿದ್ದರೆ ತೋರಿಸಿ. ಗರ್ಭಕೋಶ ತೆಗೆಸದ ಹೆಣ್ಣುಮೊಲಗಳಲ್ಲಿ ಅಲ್ಲಿನ ಕ್ಯಾನ್ಸರ್ ಅಪರೂಪವಲ್ಲ.

ಪ್ರಶ್ನೆ: ಯಾವಾಗ ಸಾಕಿದವರ ಬಾಗಿಲು ತಟ್ಟಿ "ಈಗಲೇ ಆಸ್ಪತ್ರೆಗೆ" ಎನ್ನಬೇಕು? ನಮ್ಮ ಬೆಕ್ಕಿನ ಔಷಧಿ ಮನೆಯಲ್ಲಿದೆ, ಅದು ಆಗುವುದೇ?

ಉತ್ತರ: ಎರಡನೆಯದಕ್ಕೆ ಮೊದಲು: ಖಂಡಿತ ಆಗುವುದಿಲ್ಲ. ನಾಯಿ, ಬೆಕ್ಕುಗಳ ಚಿಗಟಕ್ಕೆ ಹಾಕುವ ಫಿಪ್ರೊನಿಲ್ ಹನಿ ಮೊಲವನ್ನು ಕೊಲ್ಲಬಲ್ಲದು. ಬಾಯಿಂದ ಕೊಡುವ ಅಮಾಕ್ಸಿಸಿಲಿನ್, ಪೆನ್ಸಿಲಿನ್ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಅಳಿಸಿ ಮಾರಕ ಬೇಧಿ ತರುತ್ತವೆ. ಕಿವಿಯೊಳಗೆ ದಪ್ಪ ಹೊಪ್ಪಳೆ ಕಂಡರೆ ಅದು ಸಾಮಾನ್ಯವಾಗಿ ನುಸಿ. ಕೀಳಬೇಡಿ, ಕೆಳಗೆ ಹಸಿ ಗಾಯವಿರುತ್ತದೆ. ಔಷಧಿ ಕೊಟ್ಟ ಮೇಲೆ ಹೊಪ್ಪಳೆ ತಾನೇ ಉದುರುತ್ತದೆ.

ಹನ್ನೆರಡು ಗಂಟೆ ತಿನ್ನದಿದ್ದರೆ ಅಥವಾ ಹಿಕ್ಕೆ ಹಾಕದಿದ್ದರೆ ಅದು ತುರ್ತು. ಬೇಟೆಗೆ ಸಿಗುವ ಪ್ರಾಣಿಯಾದ್ದರಿಂದ ಮೊಲ ನೋವನ್ನು ಕೊನೆಯವರೆಗೂ ಮುಚ್ಚಿಡುತ್ತದೆ, ಕೂಗುವುದಿಲ್ಲ. ಬೆನ್ನು ಗೂನಾಗಿಸಿ ಕಣ್ಣು ಅರೆಮುಚ್ಚಿ ಕೂತು ಹಲ್ಲು ಕಡಿಯುವುದು, ಬಾಯಿ ತೆರೆದು ಉಸಿರಾಡುವುದು, ತಲೆ ಒಂದೇ ಕಡೆ ವಾಲುವುದು, ಹಿಂಗಾಲು ಎಳೆಯುವುದು, ಇವುಗಳಲ್ಲಿ ಒಂದಿದ್ದರೂ ಕಾಯಬೇಡಿ. ಬಿಸಿಲಿಗೆ ಕುಸಿದಿದ್ದರೆ ನೆರಳಿಗೆ ತಂದು ಕಿವಿಗಳನ್ನು ತಂಪು ನೀರಿನಿಂದ ಒರೆಸುತ್ತಾ ಹೊರಡಿ. ಮಂಜುಗಡ್ಡೆಯ ನೀರು ಸುರಿಯಬೇಡಿ, ಬಾಯಿಗೆ ನೀರು ಹುಯ್ಯಬೇಡಿ. ಮೊಲದ ಸಹಜ ಮೈಶಾಖ 38.5ರಿಂದ 40 ಡಿಗ್ರಿ, ಮನುಷ್ಯರ ಲೆಕ್ಕ ಹಿಡಿದು ಜ್ವರವೆಂದು ಹೆದರಬೇಕಿಲ್ಲ. ಆಸ್ಪತ್ರೆಗೆ ಹೋಗುವಾಗ ಉಪವಾಸ ಬೇಡ, ಬುಟ್ಟಿಯಲ್ಲಿ ಹುಲ್ಲಿರಲಿ. ಸಾಕಿದವರು ಜೊತೆಗೆ ಬರದಿದ್ದರೆ ಚಿಕಿತ್ಸೆಗೆ ಒಪ್ಪಿಗೆ, ಖರ್ಚು ಯಾರದು ಎಂಬುದನ್ನು ಫೋನಿನಲ್ಲಿ ಎರಡು ಸಾಲಿನ ಸಂದೇಶವಾಗಿ ಪಡೆದುಕೊಳ್ಳಿ.

ಪ್ರಶ್ನೆ: ಒಂಟಿಯಾಗಿದೆ ಪಾಪ. ನಮ್ಮ ಮೊಲವನ್ನು ಅದರ ಪಂಜರಕ್ಕೆ ಬಿಡಲೇ?

ಉತ್ತರ: ಬೇಡ. ಮೊಲಕ್ಕೆ ಜೊತೆ ಬೇಕು ನಿಜ, ಆದರೆ ಒಂದರ ಜಾಗಕ್ಕೆ ಅಪರಿಚಿತ ಮೊಲವನ್ನು ನೇರ ಬಿಟ್ಟರೆ ಎರಡೂ ಸಿಗಿದುಕೊಳ್ಳುತ್ತವೆ. ಗಂಡು-ಹೆಣ್ಣಾದರೆ ಸುಮಾರು 31 ದಿನಕ್ಕೆ ಮರಿಗಳು, ಹೆತ್ತ ದಿನವೇ ಮತ್ತೆ ಗಬ್ಬವಾಗಬಲ್ಲದು. ಗಂಡಿಗೆ ಶಸ್ತ್ರಚಿಕಿತ್ಸೆ ಮಾಡಿಸಿದ ಮೇಲೂ ನಾಲ್ಕರಿಂದ ಆರು ವಾರ ದೂರವೇ ಇಡಬೇಕು. ಅಷ್ಟರವರೆಗೆ ದಿನಕ್ಕೆ ಒಂದು ಗಂಟೆ ಬೇಲಿ ಹಾಕಿದ ಜಾಗದಲ್ಲಿ ಓಡಾಡಲು ಬಿಡಿಸಿ, ಹತ್ತಿರ ಸುಮ್ಮನೆ ಕೂರಿ. ಪಂಜರದೊಳಗೆ ಎರಡು ಬಾಯಿಯ ರಟ್ಟಿನ ಪೆಟ್ಟಿಗೆ ಇಟ್ಟರೆ ಅಡಗಲೊಂದು ತಾಣವಾಗುತ್ತದೆ.

ಪ್ರಶ್ನೆ: ಎಷ್ಟು ಹೇಳಿದರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ದೂರು ಕೊಡುವುದೋ, "ನಮಗೇ ಕೊಡಿ" ಎನ್ನುವುದೋ?

ಉತ್ತರ: ಮೊದಲು ಕೇಳಿ. ಸಾಕಿ ಸಾಕಾದವರಿಗೆ ಬಿಡುವ ದಾರಿ ಗೊತ್ತಿರುವುದಿಲ್ಲ, ಮಕ್ಕಳೆದುರು ಸೋತಂತಾಗುತ್ತದೆಂಬ ಮುಜುಗರ ಬೇರೆ. "ಮಕ್ಕಳು ಯಾವಾಗ ಬೇಕಾದರೂ ಬಂದು ನೋಡಲಿ" ಎಂಬ ಮಾತು ಎಷ್ಟೋ ಕಡೆ ಕೆಲಸ ಮಾಡುತ್ತದೆ. ಆದರೆ ಮೊಲ ಎಂಟರಿಂದ ಹನ್ನೆರಡು ವರ್ಷ ಬದುಕುತ್ತದೆ, ಲೆಕ್ಕ ಹಾಕಿಯೇ ಕೇಳಿ. ಕೊಡಲು ಒಪ್ಪಿದರೆ ದಿನಾಂಕ ಹಾಕಿ, ಪೂರ್ತಿಯಾಗಿ ಬಿಟ್ಟುಕೊಟ್ಟಿದ್ದೇವೆಂದು ಬರೆಸಿಕೊಳ್ಳಿ.

ಒಪ್ಪದೆ ಹೋದರೆ, ನೀರು-ನೆರಳುಗಳೂ ಇಲ್ಲದಿದ್ದರೆ, ಪ್ರಾಣಿಹಿಂಸೆ ತಡೆಯುವ ಹೊಣೆಯಿರುವವರಿಗೆ ದೂರು ಕೊಡಿ. "ಪಾಪ, ನರಳುತ್ತಿದೆ" ಎಂದು ಬರೆದರೆ ಪ್ರಯೋಜನವಿಲ್ಲ. ಇಂಥ ದಿನ, ಇಷ್ಟು ಗಂಟೆಗೆ, ಬಟ್ಟಲು ಒಣಗಿತ್ತು, ಪಂಜರ ಬಿಸಿಲಿನಲ್ಲಿತ್ತು, ಉಷ್ಣತೆ ಇಷ್ಟು ಎಂದು ಏಳೆಂಟು ದಿನದ ಟಿಪ್ಪಣಿ, ನಿಮ್ಮ ಜಾಗದಲ್ಲೇ ನಿಂತು ತೆಗೆದ ಚಿತ್ರಗಳು ಬೇಕು. ಅವರ ಅಂಗಳಕ್ಕೆ ಕಾಲಿಡಬೇಡಿ. ಚಿತ್ರಗಳನ್ನು ಸಾಮಾಜಿಕ ಜಾಲತಾಣಕ್ಕೆ ಹಾಕಬೇಡಿ, ಮರುದಿನ ಪಂಜರ ಕಣ್ಣಿಗೆ ಕಾಣದ ಕಡೆ ಹೋಗುತ್ತದೆ.

ಮೊಲ ನಿಮ್ಮ ಮನೆಗೇ ಬಂದರೆ ಹಳೆಯ ಹಾಸಿನ ಒಂದು ಹಿಡಿಯನ್ನೂ ಅದೇ ಪೆಲೆಟ್ಟನ್ನೂ ಜೊತೆಗೆ ತನ್ನಿ. ಮೊದಲ ಎರಡು ದಿನ ಎತ್ತಬೇಡಿ, ತಿಂದದ್ದನ್ನೂ ಹಿಕ್ಕೆಯನ್ನೂ ಗಮನಿಸಿ ಸಾಕು. ನಿಮ್ಮಲ್ಲಿ ಬೇರೆ ಮೊಲವಿದ್ದರೆ ಕನಿಷ್ಠ ಎರಡು ವಾರ ಬೇರೆ ಕೋಣೆಯಲ್ಲಿಟ್ಟು, ನಿಮ್ಮದಕ್ಕೆ ಮೊದಲು ಮೇವು ಹಾಕಿ, ಆಮೇಲೆ ಹೊಸದರ ಕೆಲಸ ಮುಗಿಸಿ ಕೈ ತೊಳೆದುಕೊಳ್ಳಿ.