ಹುಳು ಮನೆಯಲ್ಲಿ ರಾತ್ರಿಯಿಡೀ ಬಲ್ಬ್: ಒಂದು ಬೆಳೆ ನೋಡಿ ಹೇಳೋಕಾಗಲ್ಲ ಅಣ್ಣ

ಮಳವಳ್ಳಿ ಅಣ್ಣ, ಈ ಬೆಳೆಗೆ ರೇಷ್ಮೆ ಹುಳು ಮನೆಯಲ್ಲಿ ರಾತ್ರಿಯೆಲ್ಲ ಬಲ್ಬ್ ಉರಿಸಿದಿರಿ, ಹೋದ ಬೆಳೆಗಿಂತ ಗೂಡು ಜಾಸ್ತಿ ಬಂತು. ಇದು ಹುಳುವಿನ ಮೈಯೊಳಗೆ ಹಗಲು ರಾತ್ರಿ ಲೆಕ್ಕ ಇಡುವ ಗಡಿಯಾರದ ಜೀನ್ ಕೆಲಸವಾ, ಎಲ್ಲರೂ ಬಲ್ಬ್ ಹಾಕಬಹುದಾ ಅಂತ ಕೇಳಿದ್ದೀರಿ. ಗಡಿಯಾರ ಇರುವುದು ನಿಜ. ಗೂಡು ಹೆಚ್ಚಿದ್ದು ಬಲ್ಬಿನಿಂದಲೇ ಅನ್ನೋದಕ್ಕೆ ಮಾತ್ರ ಇನ್ನೂ ಆಧಾರ ಸಿಕ್ಕಿಲ್ಲ.

ಮೊದಲು ಗಡಿಯಾರದ ಮಾತು. 1971ರಲ್ಲಿ ಕೊನೊಪ್ಕ ಮತ್ತು ಬೆಂಜರ್ ಎಂಬ ವಿಜ್ಞಾನಿಗಳು ಹಣ್ಣಿನ ನೊಣಗಳಲ್ಲಿ ಮೂರು ವಿಚಿತ್ರ ತಳಿ ಕಂಡರು. ಒಂದಕ್ಕೆ ದಿನ ಅಂದರೆ 19 ಗಂಟೆ, ಇನ್ನೊಂದಕ್ಕೆ 28, ಮೂರನೆಯದಕ್ಕೆ ಹೊತ್ತುಗೊತ್ತೇ ಇಲ್ಲ. ಮೂರಕ್ಕೂ ಕಾರಣ ಒಂದೇ ಜೀನ್ ಕೆಟ್ಟಿದ್ದು. ಅದರ ಹೆಸರು ಪೀರಿಯಡ್. ಈ ಜೀನ್ ಒಂದು ಪ್ರೋಟೀನ್ ಮಾಡಿಸುತ್ತದೆ, ಆ ಪ್ರೋಟೀನ್ ಜಾಸ್ತಿಯಾದಾಗ ವಾಪಸ್ ಬಂದು ಅದೇ ಜೀನನ್ನು ನಿಲ್ಲಿಸುತ್ತದೆ, ಪ್ರೋಟೀನ್ ಕರಗಿದ ಮೇಲೆ ಮತ್ತೆ ಶುರು. ಒಂದು ಸುತ್ತಿಗೆ ಸುಮಾರು 24 ಗಂಟೆ. ಇದನ್ನು ಬಿಡಿಸಿ ತೋರಿಸಿದ ಹಾಲ್, ರಾಸ್‌ಬಾಷ್, ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂತು.

ನಮಗೆ ಹತ್ತಿರದ್ದು 1970ರ ಪ್ರಯೋಗ. ಟ್ರೂಮನ್ ಮತ್ತು ರಿಡಿಫೋರ್ಡ್ ಎರಡು ಜಾತಿಯ ಕಾಡು ರೇಷ್ಮೆ ಪತಂಗ ತೆಗೆದುಕೊಂಡರು. ಒಂದು ಬೆಳಿಗ್ಗೆ ಗೂಡಿಂದ ಹೊರಬರುತ್ತದೆ, ಇನ್ನೊಂದು ಹೊತ್ತು ಇಳಿದ ಮೇಲೆ. ಗೂಡಿನೊಳಗೆ ಕೋಶದ (ಪ್ಯೂಪ) ಹಂತದಲ್ಲಿರುವಾಗ ಮಿದುಳು ತೆಗೆದರೆ ಯಾವಾಗೆಂದರೆ ಆವಾಗ ಬಂದವು. ಒಂದರ ಮಿದುಳನ್ನು ಇನ್ನೊಂದರ ಹೊಟ್ಟೆಗೆ ಇಟ್ಟರೆ, ಮಿದುಳು ಕೊಟ್ಟ ಜಾತಿಯ ಹೊತ್ತಿಗೇ ಬಂದವು! ಕುಯ್ದದ್ದರಿಂದ ಹೀಗಾಯಿತೇನೋ ಅನ್ನಲೂ ಜಾಗ ಬಿಡಲಿಲ್ಲ: ಕೆಲವಕ್ಕೆ ತಮ್ಮದೇ ಮಿದುಳು ಹೊಟ್ಟೆಯಲ್ಲಿಟ್ಟರು, ಅವು ತಮ್ಮ ಮಾಮೂಲಿ ಹೊತ್ತಿಗೇ ಬಂದವು. ಚೆನ್ನಾದ ಪ್ರಯೋಗ ಅಂದರೆ ನನಗೆ ಇದೇ.

ನಿಮ್ಮ ಬೆಳೆಯಲ್ಲಿ ತೊಡಕು ಎಲ್ಲಿ? ಹೋದ ಬೆಳೆಗೂ ಈ ಬೆಳೆಗೂ ಹವೆ ಬೇರೆ, ಸೊಪ್ಪು ಬೇರೆ, ಮೊಟ್ಟೆ ಬೇರೆ. ಬಲ್ಬಿನ ಶಾಖ ಬೇರೆ. ಬೆಳಕಿದೆ ಅಂತ ರಾತ್ರಿ ಒಂದು ಸಲ ಜಾಸ್ತಿ ಸೊಪ್ಪು ಹಾಕಿದ್ದೀರಿ, ನೀವೇ ಬರೆದಿದ್ದೀರಿ! ಇಷ್ಟೂ ಕಲಸಿಹೋಗಿವೆ.

ಮುಂದಿನ ಬೆಳೆಯಲ್ಲಿ ಹೀಗೆ ಮಾಡಿ ನೋಡಿ. ಚಾಕಿ ಕೇಂದ್ರದಿಂದ (ಮರಿ ಹುಳು ಸಾಕಿ ಕೊಡುವ ಕಡೆಯಿಂದ) ಬಂದ ಒಂದೇ ತಂಡದ ಹುಳು ಸಾಕು. ಸ್ಟ್ಯಾಂಡಿನ ಮೇಲಿನ, ನಡುವಿನ, ಕೆಳಗಿನ ಅಂಕಣ ಒಂದೊಂದನ್ನೂ ಕಪ್ಪು ಬಟ್ಟೆಯಿಂದ ಎರಡು ಭಾಗ ಮಾಡಿ. ಯಾವ ಭಾಗಕ್ಕೆ ಬಲ್ಬ್ ಅಂತ ಪ್ರತಿ ಅಂಕಣಕ್ಕೂ ನಾಣ್ಯ ಚಿಮ್ಮಿ ತೀರ್ಮಾನಿಸಿ, ಮನಸ್ಸಿಗೆ ಬಂದಂತೆ ಬೇಡ. ಪ್ರತಿ ಭಾಗಕ್ಕೂ 200 ಹುಳು ಎಣಿಸಿ ಬಿಡಿ. ಮೊದಲು ಸೊಪ್ಪಿಗೆ ಹತ್ತಿದವು ಚುರುಕು ಹುಳು. ಅವೆಲ್ಲ ಒಂದೇ ಭಾಗ ಸೇರಿದರೆ ಅಲ್ಲಿಗೇ ಪ್ರಯೋಗ ಕೆಟ್ಟಂತೆ, ಅದಕ್ಕೇ ಬೆರೆಸಿ ಹಂಚಿ. ಬಟ್ಟೆ ಗಾಳಿ ತಡೆಯುತ್ತದೆ, ಹಾಗಾಗಿ ಎರಡೂ ಕಡೆ ಒಂದೇ ತರ ಕಟ್ಟಿ. ಎಲ್‌ಇಡಿ ಬಳಸಿ, ಆದರೂ ಥರ್ಮಾಮೀಟರ್ ಎರಡೂ ಕಡೆ ಇರಲಿ. ಸೊಪ್ಪು ಒಂದೇ ಹೊತ್ತಿಗೆ, ತೂಕ ಮಾಡಿ.

ಒಂದು ಮುಖ್ಯ ವಿಷಯ. ಒಂದು ಬಲ್ಬಿನ ಕೆಳಗಿರುವ 200 ಹುಳು 200 ಸಾಕ್ಷಿ ಅಲ್ಲ. ಅವು ಒಂದೇ ಬಲ್ಬ್, ಒಂದೇ ಗಾಳಿ ಹಂಚಿಕೊಂಡಿವೆ, ಆದ್ದರಿಂದ ಲೆಕ್ಕಕ್ಕೆ ಒಂದೇ ಸಾಕ್ಷಿ. ಮೂರು ಅಂಕಣಕ್ಕೆ ಮೂರು ಜೋಡಿ, ಅಷ್ಟೇ. ಅದು ಕಡಿಮೆ, ಮುಂದಿನ ಎರಡು ಮೂರು ಬೆಳೆಯಲ್ಲೂ ಹೀಗೇ ಮಾಡಬೇಕಾಗುತ್ತದೆ.

ಗೂಡು ಬಿಡಿಸಿದಾಗ ಪ್ರತಿ ಭಾಗದಿಂದ 25 ಗೂಡು ಕಣ್ಣು ಮುಚ್ಚಿ ತೆಗೆಯಿರಿ. ಚೀಲದ ಮೇಲೆ ನಂಬರ್ ಮಾತ್ರ ಬರೆದು, ಯಾವುದು ಬಲ್ಬಿನದು ಅಂತ ಗೊತ್ತಿಲ್ಲದವರ ಹತ್ತಿರ ತೂಕ ಮಾಡಿಸಿ. ಮನೆಯಾಕೆ ಇಲ್ಲವೇ ಮಗಳು ತೂಗಿದರೂ ಆಯಿತು.

ಆದರೆ ತೂಕ ಗಡಿಯಾರದ ಬಗ್ಗೆ ಏನೂ ಹೇಳುವುದಿಲ್ಲ. ಗಡಿಯಾರ ಬೇಕಾದರೆ ಹುಳು ಹಣ್ಣಾಗುವ, ಅಂದರೆ ಸೊಪ್ಪು ಬಿಟ್ಟು ಗೂಡು ಕಟ್ಟಲು ಸಿದ್ಧವಾಗುವ ಹೊತ್ತು ನೋಡಿ. ಎರಡು ಗಂಟೆಗೊಮ್ಮೆ ಎಷ್ಟು ಹಣ್ಣಾದವು ಅಂತ ಎಣಿಸಿ, ರಾತ್ರಿಯೂ. ಕತ್ತಲ ಭಾಗದವು ಒಂದು ಹೊತ್ತಿನಲ್ಲಿ ಒಟ್ಟಿಗೆ ಹಣ್ಣಾಗಿ, ಬಲ್ಬಿನವು ಚದುರಿದರೆ ಆಗ ನಮ್ಮ ಗುಂಪಿಗೆ ಬರೆಯಿರಿ, ಮಾತಾಡಲು ವಿಷಯ ಸಿಕ್ಕಿತು. ಅಲ್ಲಿಯವರೆಗೆ ಬೇರೆಯವರಿಗೆ ಬಲ್ಬ್ ಹಾಕಿ ಅನ್ನಬೇಡಿ. ಸುಮ್ನೆ ಕರೆಂಟ್ ಬಿಲ್ ಬರುತ್ತೆ.