ಪ್ಲೇಕ್ ಇದ್ದರೂ ಮರೆವಿಲ್ಲವೇಕೆ?

ಓದುಗರ ಪತ್ರ: ಆಲ್ಝೈಮರ್ ಕಾಯಿಲೆಗೆ ಮಿದುಳಿನಲ್ಲಿ ಕಟ್ಟುವ ಅಮಿಲಾಯ್ಡ್ ಕಾರಣ ಎಂದು ಬರೆದಿದ್ದೀರಿ. ಅದು ಸಾಕಷ್ಟು ಕಟ್ಟಿದ್ದರೂ ನೆನಪು ಚೆನ್ನಾಗಿರುವ ವೃದ್ಧರಿದ್ದಾರಂತೆ. ಹಾಗಾದರೆ ಅಮಿಲಾಯ್ಡ್ ನಿರಪರಾಧಿಯೇ? ಬೇರೆ ಪ್ರೋಟೀನ್‌ಗಳ ಪಾತ್ರವೇನು?

ಸಂಪಾದಕರ ಉತ್ತರ: ಅಂಥ ವೃದ್ಧರಿರುವುದು ನಿಜ. ಆದರೂ ಅಮಿಲಾಯ್ಡನ್ನು ಬಿಟ್ಟುಬಿಡುವಂತಿಲ್ಲ. ಎಷ್ಟು ಕಟ್ಟಿದೆ ಎಂಬುದಷ್ಟೇ ಅಲ್ಲ, ಯಾವ ರೂಪದಲ್ಲಿದೆ, ಸುತ್ತಲಿನ ಪ್ರೋಟೀನ್‌ಗಳು ಅದನ್ನು ಹೇಗೆ ನಿಭಾಯಿಸುತ್ತಿವೆ ಎಂಬುದನ್ನೂ ನೋಡಬೇಕು.

ನರಕೋಶದ ಪೊರೆಯಲ್ಲಿರುವ ಎಪಿಪಿ ಪ್ರೋಟೀನನ್ನು ಮೊದಲು ಬೀಟಾ, ಆಮೇಲೆ ಗಾಮಾ ಸೀಕ್ರಿಟೇಸ್ ಕಿಣ್ವ ಕತ್ತರಿಸಿದಾಗ ಬೀಟಾ ಅಮಿಲಾಯ್ಡ್ ತುಣುಕು ಹುಟ್ಟುತ್ತದೆ. ಆರೋಗ್ಯವಂತರಲ್ಲೂ ಇದು ಸದಾ ನಡೆಯುತ್ತದೆ. ಬಹುಪಾಲು ತುಣುಕುಗಳಲ್ಲಿ 40 ಅಮೈನೋ ಆಮ್ಲಗಳು, ಕೆಲವದರಲ್ಲಿ 42. ಹೆಚ್ಚುವರಿ ಎರಡೂ ನೀರಿಗೆ ಒಗ್ಗದವು. ಹಾಗಾಗಿ 42ರ ತುಣುಕುಗಳು ಬೇಗ ಒಂದಕ್ಕೊಂದು ಅಂಟುತ್ತವೆ. ಮೊದಲು ಕರಗಿದ ಸ್ಥಿತಿಯಲ್ಲೇ ಇರುವ ಸಣ್ಣ ಗುಂಪುಗಳು, ಅಂದರೆ ಆಲಿಗೋಮರ್‌ಗಳು. ಮುಂದೆ ನಾರುಗಳು, ಕೊನೆಗೆ ನರಕೋಶಗಳ ನಡುವೆ ಕಟ್ಟುವ ಗುಪ್ಪೆಗಳು, ಅಂದರೆ ಪ್ಲೇಕ್. ನರಕೋಶಗಳ ಸಂಧಿಗೆ ಹೆಚ್ಚು ಪೆಟ್ಟು ಕೊಡುವುದು ಆ ಸಣ್ಣ ಗುಂಪುಗಳೇ ಎಂದು ಪ್ರಯೋಗಗಳು ತೋರಿಸಿವೆ. ಅಮಿಲಾಯ್ಡ್ ಪೆಟ್ ಸ್ಕ್ಯಾನ್ ಹಿಡಿಯುವುದಾದರೋ ನಾರುಗಳನ್ನು. ಇನ್ನು ಮರೆವಿನ ತೀವ್ರತೆ ಪ್ಲೇಕ್‌ಗಿಂತ ನರಕೋಶದೊಳಗೆ ಕಟ್ಟುವ ಟೌ ಎಂಬ ಇನ್ನೊಂದು ಪ್ರೋಟೀನಿನ ಗಂಟುಗಳೊಂದಿಗೆ ಹೆಚ್ಚು ತಾಳೆಯಾಗುತ್ತದೆ.

ಸುತ್ತಲಿನ ಪ್ರೋಟೀನ್‌ಗಳಲ್ಲಿ ಪ್ರಮುಖವಾದದ್ದು ಎಪೋ-ಇ. ಮಿದುಳಿನಲ್ಲಿ ಇದನ್ನು ಹೆಚ್ಚಾಗಿ ತಯಾರಿಸುವುದು ನರಕೋಶಗಳಿಗೆ ಆಸರೆಯಾಗಿರುವ ಆಸ್ಟ್ರೋಸೈಟ್ ಎಂಬ ಕೋಶಗಳು. ಕೊಬ್ಬಿನಂಶ ಸಾಗಿಸುವುದು ಇದರ ಮೂಲ ಕೆಲಸ. ಇದಕ್ಕೆ ಇ2, ಇ3, ಇ4 ಎಂಬ ಆನುವಂಶಿಕ ರೂಪಗಳಿವೆ. ಇ3 ಮತ್ತು ಇ4 ನಡುವಿನ ವ್ಯತ್ಯಾಸ ಒಂದೇ ಅಮೈನೋ ಆಮ್ಲದ್ದು: 112ನೇ ಸ್ಥಾನದಲ್ಲಿ ಇ3ಗೆ ಸಿಸ್ಟೀನ್, ಇ4ಗೆ ಆರ್ಜಿನೀನ್. ಇಷ್ಟು ಸಣ್ಣ ಬದಲಾವಣೆಯಿಂದಲೇ ಇ4 ಇರುವಲ್ಲಿ ಅಮಿಲಾಯ್ಡ್ ನಿಧಾನವಾಗಿ ತೆರವಾಗುತ್ತದೆ, ಬೇಗ ಕಟ್ಟಲು ತೊಡಗುತ್ತದೆ. ಇ2 ಇದಕ್ಕೆ ವಿರುದ್ಧ, ರಕ್ಷಣೆ ಕೊಡುತ್ತದೆ.

ಟ್ರೆಮ್2 ಪ್ರೋಟೀನ್ ಮೈಕ್ರೋಗ್ಲಿಯಾ ಎಂಬ ಕಾವಲು ಕೋಶಗಳ ಮೇಲಿರುತ್ತದೆ. ಅದು ಸರಿಯಾಗಿದ್ದರೆ ಈ ಕೋಶಗಳು ಪ್ಲೇಕ್ ಸುತ್ತುವರಿದು ಒತ್ತೊತ್ತಾಗಿಸುತ್ತವೆ. ಕೆಟ್ಟರೆ ಪ್ಲೇಕ್ ಸಡಿಲವಾಗಿ ಹರಡಿ, ಪಕ್ಕದ ನರತಂತುಗಳು ಊದಿಕೊಳ್ಳುತ್ತವೆ. ಇದರ ಆರ್47ಎಚ್ ರೂಪಾಂತರ ಅಪಾಯ ಹೆಚ್ಚಿಸುತ್ತದೆಂದು 2013ರಲ್ಲಿ ತಿಳಿಯಿತು. ಗಟ್ಟಿ ಪ್ಲೇಕ್ ಕಂಡರೆ ಕೆಟ್ಟದ್ದೇ ಎಂದುಕೊಳ್ಳುವುದು ಆತುರದ ತೀರ್ಮಾನ.

ಚಿಕಿತ್ಸೆಯಲ್ಲೂ ಎಪೋ-ಇ ಲೆಕ್ಕಕ್ಕೆ ಬರುತ್ತದೆ. ಅಮಿಲಾಯ್ಡ್ ತೆರವುಗೊಳಿಸುವ ಲೆಕಾನೆಮಾಬ್ ಔಷಧಿ 18 ತಿಂಗಳ ಪ್ರಯೋಗದಲ್ಲಿ ರೋಗಿಗಳ ಕುಸಿತವನ್ನು ಶೇ. 27ರಷ್ಟು ನಿಧಾನಗೊಳಿಸಿತು; ನಿಲ್ಲಿಸಲಿಲ್ಲ. ಔಷಧಿ ಪಡೆದವರಲ್ಲಿ ಶೇ. 12.6 ಮಂದಿಗೆ ಮಿದುಳಿನಲ್ಲಿ ಊತ ಕಾಣಿಸಿತು. ತಂದೆ, ತಾಯಿ ಇಬ್ಬರಿಂದಲೂ ಬಂದು ಇ4 ಜೀನಿನ ಎರಡು ಪ್ರತಿ ಇದ್ದವರಲ್ಲಿ ಅದು ಸುಮಾರು ಮೂರನೇ ಒಂದು ಭಾಗಕ್ಕೆ ಏರಿತು. ಹೀಗಾಗಿ ಔಷಧಿ ಆರಂಭಿಸುವ ಮುನ್ನ ಎಪೋ-ಇ ಪರೀಕ್ಷೆ, ಆಮೇಲೆ ಆರಂಭದ ತಿಂಗಳುಗಳಲ್ಲಿ ಹಲವು ಬಾರಿ ಎಂಆರ್‌ಐ. ಲಕ್ಷಣಗಳಿಲ್ಲದವರು ಕೇವಲ ಕುತೂಹಲಕ್ಕೆ ಎಪೋ-ಇ ಪರೀಕ್ಷೆ ಮಾಡಿಸಿದರೆ ಪ್ರಯೋಜನ ಕಡಿಮೆ: ಇ4 ಇದ್ದೂ ಕಾಯಿಲೆ ಬಾರದವರಿದ್ದಾರೆ, ಇಲ್ಲದೆಯೂ ಬಂದವರಿದ್ದಾರೆ.