ಸೀನಿಯರ್ ಸಿಸ್ಟರ್‌ಗಳನ್ನು ಕೇಳಿ ಕಲಿತರೆ ಕೆಲಸದ ಭಯ, ಒತ್ತಡ ನಿಜವಾಗಿ ಕಡಿಮೆಯಾಗುತ್ತದಾ?

ಸ್ಟಾಫ್ ನರ್ಸ್ ಆಗಿ ಹೊಸದಾಗಿ ಸೇರಿದ್ದೇನೆ, ಮನೆಗೆ ಹೋದರೂ ವಾರ್ಡಿನದೇ ಯೋಚನೆ, ಸೀನಿಯರ್‌ಗಳನ್ನು ಕೇಳಲು ಹೆದರಿಕೆ ಎಂದು ಬರೆದಿದ್ದೀರಿ. ನಾನು ಹೆರಿಗೆ ವಾರ್ಡಿನಲ್ಲಿ ವರ್ಷಗಟ್ಟಲೆ ದುಡಿದವಳು. ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಹೌದು, ತುಂಬಾ ಕಡಿಮೆಯಾಗುತ್ತದೆ. ಆದರೆ ಎಲ್ಲ ವಾರ್ಡಿನಲ್ಲೂ ಅಲ್ಲ.

ನಮ್ಮ ಕೆಲಸದಲ್ಲಿ ನಿದ್ದೆ ಕೆಡಿಸುವುದು ದುಡಿಮೆಗಿಂತ ಜಾಸ್ತಿ, 'ನನಗೆ ಗೊತ್ತಾಗದ ಹಾಗೆ ಏನಾದರೂ ಆಗಿಬಿಟ್ಟರೆ' ಎಂಬ ಅಳುಕು. ಹೆರಿಗೆಯಾದ ಮೇಲಿನ ರಕ್ತಸ್ರಾವವನ್ನೇ ನೋಡಿ. 500 ಮಿ.ಲೀ. ದಾಟಿದರೆ ಅಪಾಯ ಎಂದು ಎಲ್ಲರೂ ಓದಿರುತ್ತೇವೆ. ಆದರೆ ಮಲಗಿರುವ ಬಾಣಂತಿಯಲ್ಲಿ ಆ 500 ಮಿ.ಲೀ. ಕಣ್ಣಿಗೆ ಬೀಳುವುದಿಲ್ಲ. ರಕ್ತ ಸೊಂಟದ ಕೆಳಗೆ ಸೇರಿಕೊಳ್ಳುತ್ತದೆ, ಮೇಲಿನ ಬಟ್ಟೆ ಒಣಗಿಯೇ ಇರುತ್ತದೆ. "ಮೇಲೆ ನೋಡಿ ಸಮಾಧಾನ ಪಡಬೇಡ. ಪಕ್ಕಕ್ಕೆ ತಿರುಗಿಸಿ ಕೆಳಗೆ ಕೈಹಾಕಿ ನೋಡು, ಹೊಟ್ಟೆ ಮುಟ್ಟು" ಎಂದವರು ನನ್ನ ಸೀನಿಯರ್ ಸಿಸ್ಟರ್. ಗರ್ಭಕೋಶ ಗಟ್ಟಿಯಾಗಿ ಕೈಗೆ ಸಿಗಬೇಕು. ಮೆತ್ತಗಿದ್ದರೆ ತಕ್ಷಣ ಮಸಾಜ್ ಶುರು ಮಾಡಿ ಡಾಕ್ಟರನ್ನು ಕರೆಸಬೇಕು. ಅವರು ನನ್ನ ಕೈ ಹಿಡಿದು ಎರಡನ್ನೂ ಮುಟ್ಟಿಸಿದರು. ಆ ವ್ಯತ್ಯಾಸ ಬೆರಳಿಗೆ ತಿಳಿದ ಮೇಲೆ ನೈಟ್ ಡ್ಯೂಟಿ ಮುಗಿಸಿ ಬಂದು ಮಲಗಿದರೆ ನಿದ್ದೆ ಬರತೊಡಗಿತು. ನೋಡಬೇಕಾದ್ದನ್ನು ನೋಡಿಯೇ ಬಂದಿದ್ದೇನೆ ಎಂಬ ಧೈರ್ಯ ಅದು.

ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆಯಾದಾಗ ಕೊಡುವ ಪೊಟ್ಯಾಸಿಯಂ ಕ್ಲೋರೈಡ್ ಔಷಧಿ ಕೂಡ ಹಾಗೆಯೇ. ನೇರವಾಗಿ ರಕ್ತನಾಳಕ್ಕೆ ಕೊಟ್ಟರೆ ಹೃದಯ ನಿಲ್ಲಬಹುದು, ಡ್ರಿಪ್‌ನಲ್ಲಿ ಸೇರಿಸಿಯೇ ಕೊಡಬೇಕು ಎಂಬುದು ಎಲ್ಲರಿಗೂ ಗೊತ್ತು. ಆದರೆ ಬಾಟಲಿ ಸ್ಟ್ಯಾಂಡಿನಲ್ಲಿ ನೇತಾಡುವಾಗಲೇ ಸೇರಿಸಿ ಸುಮ್ನೆ ಬಿಟ್ಟರೆ ಔಷಧಿ ಕೆಳಗೆ, ಬಾಯಿಯ ಹತ್ತಿರವೇ ನಿಂತು, ಮೊದಲು ಅದೇ ಒಳಗೆ ಹೋಗುತ್ತದೆ. ಬಾಟಲಿ ಇಳಿಸಿ, ಸೇರಿಸಿ, ಮೇಲೆ ಕೆಳಗೆ ಮಾಡಿ ಚೆನ್ನಾಗಿ ಬೆರೆಸಿ, ಆಮೇಲೆ ತೂಗುಹಾಕಬೇಕು. ಪಕ್ಕದಲ್ಲಿ ನಿಂತು ನೋಡಿದ್ದರಿಂದ ಇದು ನನ್ನ ಕೈಗೆ ಅಭ್ಯಾಸವಾಯಿತು.

ಆಯಾಗಳನ್ನು ಮರೆಯಬೇಡಿ. ಬಟ್ಟೆ ಬದಲಿಸುವವರು ಅವರೇ, ಹಾಗಾಗಿ "ಸಿಸ್ಟರ್, ಆ ಬೆಡ್‌ನವರಿಗೆ ಯಾಕೋ ಜಾಸ್ತಿ ಹೋಗ್ತಿದೆ" ಎಂದು ಎಷ್ಟೋ ಸಲ ಮೊದಲು ಹೇಳುವುದೂ ಅವರೇ. ಆ ಮಾತಿಗೆ ತಕ್ಷಣ ಎದ್ದು ಹೋಗಿ ನೋಡಿ.

ಈಗ 'ಎಲ್ಲ ವಾರ್ಡಿನಲ್ಲೂ ಅಲ್ಲ' ಎಂದಿದ್ದಕ್ಕೆ ಬರುತ್ತೇನೆ. ಹಿಂದೆ ನಾನಿದ್ದ ಒಂದು ಕಡೆ ಏನೇ ಕೇಳಿದರೂ ರೋಗಿಗಳ ಎದುರಿಗೇ "ಇಷ್ಟೂ ಬರಲ್ವಾ? ಎಲ್ಲಿ ಓದಿದ್ದು?" ಎನ್ನುತ್ತಿದ್ದರು. ಅಂಥ ಕಡೆ ಹೊಸಬರು ಕೇಳುವುದನ್ನೇ ಬಿಟ್ಟು ಊಹೆಯ ಮೇಲೆ ಕೆಲಸ ಮಾಡತೊಡಗುತ್ತಾರೆ. ರೋಗಿಗೂ ಅಪಾಯ, ಅವರ ಮನಸ್ಸಿಗೂ ಹಿಂಸೆ. ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್‌ಸನ್ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳ ಬಗ್ಗೆ ಮಾಡಿದ ಅಧ್ಯಯನ 1996ರಲ್ಲಿ ಪ್ರಕಟವಾಯಿತು. ಒಳ್ಳೆಯ ಹೊಂದಾಣಿಕೆ ಇರುವ ತಂಡಗಳಲ್ಲೇ ದಾಖಲಾದ ತಪ್ಪುಗಳು ಜಾಸ್ತಿ ಇದ್ದವು! ಅವರು ಕೊಟ್ಟ ಕಾರಣ, ಅಲ್ಲಿನವರು ಹೆದರದೆ ಬಾಯಿಬಿಟ್ಟು ಹೇಳುತ್ತಿದ್ದರು. ಬೇರೆ ಕಡೆ ಮುಚ್ಚಿಡುತ್ತಿದ್ದರು. ನಮ್ಮ ಆಸ್ಪತ್ರೆಗಳನ್ನು ನೋಡಿದ ನನಗೆ ಇದು ಪೂರ್ತಿ ನಿಜ ಅನಿಸುತ್ತದೆ.

ಹಾಗಾದರೆ ನೀವು ಏನು ಮಾಡಬಹುದು? ಎಲ್ಲರನ್ನೂ ಕೇಳಬೇಕಾಗಿಲ್ಲ. ಸಮಾಧಾನದಿಂದ ಹೇಳುವ ಒಬ್ಬರು ಸಿಕ್ಕರೂ ಸಾಕು. ಎಮರ್ಜೆನ್ಸಿ ನಡೆಯುವಾಗ ರೋಗಿಗೆ ಸಂಬಂಧಿಸಿದ್ದನ್ನು ಮಾತ್ರ ಕೇಳಿ, ಉಳಿದದ್ದನ್ನು ಹ್ಯಾಂಡ್‌ಓವರ್ (ಮುಂದಿನ ಪಾಳಿಯವರಿಗೆ ರೋಗಿಗಳನ್ನು ಒಪ್ಪಿಸುವುದು) ಮುಗಿದ ಮೇಲೆ ಕೇಳಿ. "ನನಗೆ ಬರಲ್ಲ" ಎನ್ನಲು ಸಂಕೋಚವಾದರೆ "ನೀವು ಮಾಡುವಾಗ ಪಕ್ಕದಲ್ಲಿ ನಿಂತುಕೊಳ್ಳಲಾ ಸಿಸ್ಟರ್?" ಅನ್ನಿ. ಇದಕ್ಕೆ ಬೇಡ ಎನ್ನುವವರು ಕಡಿಮೆ.

ನಿಮಗೆ ಗೊತ್ತಿರುವುದನ್ನೂ ಹೇಳಿಕೊಡಿ. ಮಗು ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿ ಕತ್ತರಿಸುವುದು ನಮ್ಮ ಕಾಲದ ಪಾಠ. ಮಗು ಚೆನ್ನಾಗಿ ಉಸಿರಾಡುತ್ತಿದ್ದರೆ ಕನಿಷ್ಠ 1 ನಿಮಿಷ ಕಾಯಬೇಕು, ಅದರಿಂದ ಮಗುವಿಗೆ ರಕ್ತ, ಕಬ್ಬಿಣದ ಅಂಶ ಹೆಚ್ಚು ಸಿಗುತ್ತದೆ ಎಂದು ನನಗೆ ಬಿಡಿಸಿ ಹೇಳಿದ್ದು ಆಗತಾನೇ ಕೋರ್ಸ್ ಮುಗಿಸಿ ಬಂದ ಹುಡುಗಿ. ಆವತ್ತಿನಿಂದ ಆಕೆ ನನ್ನನ್ನು ಏನು ಕೇಳಲೂ ಹಿಂಜರಿಯಲಿಲ್ಲ.

ಒಂದು ಮಾತು. ಇಡೀ ವಾರ್ಡನ್ನು ಒಬ್ಬರ ತಲೆಗೆ ಕಟ್ಟಿದರೆ ಬರುವ ಸುಸ್ತಿಗೆ ಹೀಗೆ ಕೇಳಿ ಕಲಿಯುವುದು ಮದ್ದಲ್ಲ. ಅದಕ್ಕೆ ಜನ ಬೇಕು, ರಜೆ ಬೇಕು. ನಿದ್ದೆ ಇಲ್ಲದೆ ವಾರಗಳೇ ಕಳೆದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ನೀವು ಯಾವ ವಾರ್ಡಿನಲ್ಲಿದ್ದೀರಿ ಎಂದು ಬರೆದಿಲ್ಲ. ಹೆರಿಗೆ ವಾರ್ಡಾದರೆ ಏನು ಬೇಕಾದರೂ ಕೇಳಿ, ಗೊತ್ತಿದ್ದಷ್ಟು ಹೇಳುತ್ತೇನೆ.